ಕ್ಲಚ್ಚಿನ ನಟ್ಟು ತಿರುಗಿಸಿದವರು

ವಯಸ್ಸಾದ ಮೇಲೆ ಹಳೆಯದನ್ನೆಲ್ಲ ಮರೆತು ಕ್ಷಮಿಸಿಬಿಡಬೇಕು ಎಂದು ನನಗೆ ಬುದ್ಧಿ ಹೇಳುವವರು ಬಹಳ ಜನ. ಅವರ ಮಾನವನ್ನು ಯಾರೂ ನಡುರಸ್ತೆಯಲ್ಲಿ ಕಳೆದಿಲ್ಲ, ಅದಕ್ಕೆ ಹಾಗೆ ಹೇಳುತ್ತಾರೆ. ನನ್ನದನ್ನು ಕಳೆದಿದ್ದಾರೆ. ಹೊನ್ನಾವರದಿಂದ ಕುಮಟೆಗೆ ಹೋಗುವ ರಸ್ತೆಯ ಏರಿನಲ್ಲಿ, ಮದುವೆಗೆ ಹೊರಟ ನೆಂಟರ ಎದುರಿಗೆ. ಅದನ್ನು ನಾನು ಮರೆತಿಲ್ಲ, ಮರೆಯುವ ವಿಚಾರವೂ ಇಲ್ಲ. ತಿರುಗಿ ಕೊಟ್ಟೆನಲ್ಲ, ಅದನ್ನಂತೂ ಈಗಲೂ ಚಾ ಕುಡಿಯುವಾಗ ನೆನೆಸಿಕೊಳ್ಳುತ್ತೇನೆ. ಚಾಕ್ಕೆ ಸಕ್ಕರೆ ಬೇಕಾಗುವುದಿಲ್ಲ.

ಕಾರು ನನ್ನ ಅಪ್ಪನದು. ಎಪ್ಪತ್ತರ ದಶಕದಲ್ಲಿ ಕುಮಟೆಯ ಪೇಟೆಯಲ್ಲಿ ಬಾಡಿಗೆಗೆ ನಿಲ್ಲಿಸುತ್ತಿದ್ದ ಹಳೆಯ ಅಂಬಾಸಡರ್. ತದಡಿಗೆ ಹೋಗುವ ಮೀನಿನ ವ್ಯಾಪಾರಸ್ಥರು, ಹೆರಿಗೆಗೆ ಆಸ್ಪತ್ರೆಗೆ ಹೊರಟ ಹೆಂಗಸರು, ಕೋರ್ಟಿಗೆ ಹೋಗುವ ದಾಯಾದಿಗಳು, ಎಲ್ಲರೂ ಅದರಲ್ಲಿ ಕೂತವರೇ. ಅಪ್ಪನಿಗೆ ನಾನೊಬ್ಬಳೇ ಮಗಳು. ನಾನು ಮೆಟ್ರಿಕ್ ಮುಗಿಸಿದ ವರ್ಷ ಅವನೇ ಕರೆದು ಗಾಡಿ ಕಲಿಸಿದ. ಲೈಸೆನ್ಸ್ ಮಾಡಿಸಿದವನೂ ಅವನೇ.

ಸ್ಟೇರಿಂಗ್ ಕೊಡುವ ಮೊದಲು ಅವನು ಕಲಿಸಿದ್ದು ಕ್ಲಚ್ಚು. ಕಾಲಿನಿಂದಲ್ಲ, ಕೈಯಿಂದ. ಬಾಗಿಲು ತೆರೆದು, ನೆಲದ ಮೇಲೆ ಕುಕ್ಕರುಗಾಲಿನಲ್ಲಿ ಕೂತು, ಪೆಡಲನ್ನು ಅಂಗೈಯಿಂದ ಒತ್ತಿ ನೋಡಬೇಕು. ಮೊದಲು ಒಂದು ಹೆಬ್ಬೆರಳಿನ ಅಗಲದಷ್ಟು ಅದು ಭಾರವಿಲ್ಲದೆ ಸುಮ್ಮನೆ ಇಳಿಯುತ್ತದೆ. ಅದಕ್ಕೆ ಪ್ಲೇ ಎನ್ನುತ್ತಾರೆ. ಆಮೇಲೆ ಕೈಗೆ ಬಿಗಿ ಸಿಗುತ್ತದೆ. ಆ ಪ್ಲೇ ಜಾಸ್ತಿಯಾದರೆ ಪೆಡಲನ್ನು ತಳದವರೆಗೆ ತುಳಿದರೂ ಕ್ಲಚ್ಚು ಪೂರ್ತಿ ಬಿಡುವುದಿಲ್ಲ, ಗೇರು ಹಾಕಲು ಹೋದರೆ ಕರ್ರೆಂದು ಹಲ್ಲು ಕಡಿಯುತ್ತದೆ. ಪ್ಲೇ ಇಲ್ಲವೇ ಇಲ್ಲ ಎಂದಾದರೆ ಅದರ ಉಲ್ಟಾ: ಕ್ಲಚ್ಚು ಪೂರ್ತಿ ಹಿಡಿಯುವುದಿಲ್ಲ. ಎಂಜಿನ್ ಬೊಬ್ಬೆ ಹೊಡೆಯುತ್ತದೆ, ಗಾಡಿ ಏರು ಹತ್ತುವುದಿಲ್ಲ, ಕೂದಲು ಹೊತ್ತಿದಂಥ ವಾಸನೆ ಬರುತ್ತದೆ. ತುಳಿದ ಪೆಡಲ್ ಮೇಲೆ ಬಾರದಿದ್ದರೆ ಸ್ಪ್ರಿಂಗ್ ನೋಡು, ನಮ್ಮ ಕಡಲ ಗಾಳಿಗೆ ತುಕ್ಕು ಹಿಡಿದಿದೆಯೋ ನೋಡು, ಗ್ರೀಸ್ ಹಾಕು. ಉಳಿದದ್ದೆಲ್ಲ ಗಾಡಿಯ ಹೊಟ್ಟೆಯಡಿಗೆ ಒಂದು ಸರಳಿನ ತುದಿಯಲ್ಲಿರುವ ನಟ್ಟಿನ ಕೈಯಲ್ಲಿ. ಬಿಗಿ ಮಾಡಿದರೆ ಪ್ಲೇ ಕಡಿಮೆ, ಸಡಿಲಿಸಿದರೆ ಹೆಚ್ಚು. ಇಷ್ಟೇ ವಿದ್ಯೆ. ಆದರೆ ಗೇರು ಬಿದ್ದ ಮೇಲೂ ಎಡಗಾಲು ಪೆಡಲಿನ ಮೇಲೆ ಉಳಿದರೆ ಅಪ್ಪ ಗಾಡಿ ನಿಲ್ಲಿಸಿ ನನ್ನನ್ನು ಕೆಳಗಿಳಿಸಿ ಮನೆಗೆ ನಡೆಸುತ್ತಿದ್ದ. ಎರಡು ಸಲ ನಡೆದೆ. ಮೂರನೆಯ ಸಲ ಇಲ್ಲ.

ಮದುವೆಯಾಗಿ ಹೊನ್ನಾವರಕ್ಕೆ ಬಂದೆ. ಗಂಡನಿಗೆ ಭಟ್ಕಳದಲ್ಲಿ ಗುಮಾಸ್ತನ ಕೆಲಸ. ವಾರವೆಲ್ಲ ಅಲ್ಲೇ ಕೋಣೆ ಹಿಡಿದುಕೊಂಡಿದ್ದು ಶನಿವಾರ ಸಂಜೆ ಮನೆಗೆ ಬರುತ್ತಿದ್ದರು. ಮನೆಯಲ್ಲಿ ನಡೆಯುತ್ತಿದ್ದದ್ದು ಅವರ ಅಣ್ಣನ ಮಾತು, ಅಂದರೆ ನನ್ನ ಭಾವನದು. ಪೇಟೆಯಲ್ಲಿ ಹಂಚಿನ ವ್ಯಾಪಾರ, ಬಾಯಿ ಮಾತ್ರ ಜಿಲ್ಲೆಗಾಗುವಷ್ಟು. ಇಬ್ಬರನ್ನೂ ಬಹುವಚನದಲ್ಲಿ ಬರೆಯುತ್ತಿದ್ದೇನೆ, ಅದು ಅಭ್ಯಾಸಬಲ. ಗೌರವ ಎಂದು ತಿಳಿಯಬೇಡಿ.

ಎಂಬತ್ತರ ದಶಕದ ಮೊದಲಲ್ಲಿ ಅಪ್ಪ ತೀರಿಕೊಂಡ. ಕಾರು ನನಗೆ ಬಂತು. ಹೆಂಗಸರ ಹೆಸರಿಗೆ ಎಂತಕ್ಕೆ ಎಂದು ಭಾವ ಕಾಗದಪತ್ರವನ್ನು ನನ್ನ ಗಂಡನ ಹೆಸರಿಗೆ ಮಾಡಿಸಿದರು. ಮಾಡಿಸಲಿ, ಚಾವಿ ನನ್ನ ಸೊಂಟದಲ್ಲಿತ್ತು. ಕೇರಿಯ ಬಸುರಿಯರನ್ನು ಆಸ್ಪತ್ರೆಗೆ ಒಯ್ದೆ, ಅತ್ತೆಯನ್ನು ಶಿರಾಲಿಯ ನೆಂಟರ ಮನೆಗೆ ಒಯ್ದೆ. ಮಕ್ಕಳು ನನ್ನನ್ನು ಕಾರತ್ತೆ ಎಂದು ಕರೆಯತೊಡಗಿದರು. ಹಾಗೆ ಕರೆದರೆ ನನಗೆ ಎಷ್ಟು ಖುಷಿಯಾಗುತ್ತಿತ್ತು ಎಂದರೆ, ಕೇಳಿಸಿದರೂ ಕೇಳದವಳ ಹಾಗೆ ನಿಂತು ಇನ್ನೊಂದು ಸಲ ಕರೆಸಿಕೊಳ್ಳುತ್ತಿದ್ದೆ. ಅಪ್ಪ ಹೋದ ಮೇಲೆ ನನ್ನದು ಎಂದು ಹೇಳಿಕೊಳ್ಳಲು ಇದ್ದದ್ದು ಆ ಒಂದು ಸೀಟು.

ಭಾವನಿಗೆ ಅದು ಕಣ್ಣಿಗೆ ಬಿದ್ದ ಕಸವಾಗಿತ್ತು. ಅಂಗಡಿಗೆ ಬಂದವರು ನಿಮ್ಮ ಮನೆಯ ಡ್ರೈವರ್ ಅಮ್ಮ ಹೇಗಿದ್ದಾರೆ ಎಂದು ಕೇಳುತ್ತಿದ್ದರಂತೆ. ಮಾರಿಬಿಡುವಾ ಎಂದು ಊಟಕ್ಕೆ ಕೂತಾಗೆಲ್ಲ ರಾಗ ತೆಗೆದರು. ನಾನು ಸತ್ತರೂ ಮಾರುವುದಿಲ್ಲ ಎಂದೆ. ಮಾತು ನನ್ನ ಗಂಡನ ಮೇಲೆ ನಿಂತಿತು, ಕಾಗದ ಅವರ ಹೆಸರಿಗಲ್ಲವೇ. ಅವರು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ, ಅನ್ನಕ್ಕೆ ಸಾರು ಕಲಸಿಕೊಳ್ಳುತ್ತ ಕೂತರು. ಅಣ್ಣನಿಗೆ ಎದುರಾಡದೆಯೇ ನನ್ನ ಪರ ನಿಂತಿದ್ದಾರೆ ಎಂದು ನಾನು ತಿಳಿದೆ. ಮಳ್ಳಿ ನಾನು.

ಆಮೇಲೆ ಆ ಮದುವೆ ಬಂತು. ಕುಮಟೆಯಲ್ಲಿ ಭಾವನ ಹೆಂಡತಿಯ ಕಡೆಯದು, ಭಾನುವಾರ. ಗಾಡಿ ತುಂಬ ಹೆಂಗಸರು, ಸ್ಟೇರಿಂಗಿಗೆ ನಾನು, ಪಕ್ಕದಲ್ಲಿ ಭಾವ, ಹಿಂದೆ ಒಂದು ವ್ಯಾನಿನಲ್ಲಿ ಗಂಡಸರು. ಊರು ದಾಟುವವರೆಗೆ ಸರಿ ಇತ್ತು. ಏರು ಸಿಕ್ಕಿದ್ದೇ ತಡ, ಎಂಜಿನ್ ಕೂಗತೊಡಗಿತು, ಗಾಡಿ ನಿಂತಲ್ಲೇ ನಿಂತಿತು. ವಾಸನೆ ಬಂತು. ಹಿಂದಿನ ಸೀಟಿನವರು ಮೂಗಿಗೆ ಸೆರಗು ಹಿಡಿದು ಇಳಿದರು. ಜರಿ ಸೀರೆಯ ಹೆಂಗಸರೆಲ್ಲ ಬಿಸಿಲಿನಲ್ಲಿ ಏರು ನಡೆದರು. ವ್ಯಾನಿನ ಗಂಡಸರು ಬಂದು ಸುತ್ತ ನಿಂತರು. ಭಾವ ರಸ್ತೆಯ ನಡುವೆ ನಿಂತು, ಎಲ್ಲರಿಗೂ ಕೇಳುವ ಹಾಗೆ ಹೇಳಿದರು:

"ನಾ ಮೊದ್ಲೇ ಹೇಳಿದ್ದೆ. ಹೆಂಗಸರು ಕ್ಲಚ್ಚಿನ ಮೇಲೆ ಕಾಲಿಟ್ಕಂಡೇ ಗಾಡಿ ಓಡ್ಸೂದು. ಎಲ್ಲ ಸುಟ್ಟು ಹಾಕ್ತು ನೋಡಿ."

ನನ್ನ ಎಡಗಾಲಿಗೆ ಆ ಮಾತು! ಚಾವಿಯನ್ನು ಅವರು ಅಲ್ಲೇ ನನ್ನ ಕೈಯಿಂದ ತೆಗೆದುಕೊಂಡರು. ಗಾಡಿಯನ್ನು ಇಳಿಜಾರಿನಲ್ಲಿ ಹಿಂದಕ್ಕೆ ಉರುಳಿಸಿ, ಉಳಿದ ದೂರ ಲಾರಿಗೆ ಹಗ್ಗ ಕಟ್ಟಿ ಎಳೆದು ಮನೆಯಂಗಳಕ್ಕೆ ತಂದರು. ವಾರ ಕಳೆಯುವುದರೊಳಗೆ ಪೇಟೆಯಿಡೀ ಗುಲ್ಲಾಯಿತು. ಬಸುರಿಯೊಬ್ಬಳ ಮನೆಯವರು ಬಾಗಿಲವರೆಗೆ ಬಂದು, ಗಾಡಿ ಸರಿಯಾದರೂ ಬೇಡ, ಬಸ್ಸಿಗೇ ಹೋಗುತ್ತೇವೆ ಎಂದು ತಿರುಗಿ ಹೋದರು. ಭಾವನ ಮಾತಿಗಿಂತ ಜಾಸ್ತಿ ಅದು ನನ್ನನ್ನು ಚುಚ್ಚಿತು.

ಎಷ್ಟು ಅತ್ತೆನೋ ಅಷ್ಟು ಸಿಟ್ಟು ಬಂತು. ಒಂದು ಮಧ್ಯಾಹ್ನ ಭಾವ ಅಂಗಡಿಯಲ್ಲಿದ್ದಾಗ, ಅತ್ತೆ ಮಲಗಿದ್ದಾಗ, ಹಳೆಯ ಸೀರೆ ಉಟ್ಟು ಗಾಡಿಯ ಬಾಗಿಲು ತೆರೆದೆ. ಪೆಡಲನ್ನು ಅಂಗೈಯಿಂದ ಒತ್ತಿದೆ. ಪ್ಲೇ ಇಲ್ಲ. ಹೆಬ್ಬೆರಳಿನಷ್ಟಲ್ಲ, ಉಗುರಿನಷ್ಟೂ ಇಲ್ಲ. ಓಡಿಸುತ್ತ ಓಡಿಸುತ್ತ ಪ್ಲೇ ಕಡಿಮೆಯಾಗುವುದುಂಟು, ಆದರೆ ಅದು ತಿಂಗಳುಗಟ್ಟಲೆಯ ಕೆಲಸ, ಒಂದು ಬೆಳಗಿನದಲ್ಲ. ಮದುವೆಗೆ ಎರಡು ದಿನ ಮೊದಲು, ಶುಕ್ರವಾರವಷ್ಟೇ ನಾನು ನೋಡಿದ್ದೆ. ಗೋಣಿತಾಟು ಹಾಸಿ ಅಡಿಗೆ ತೂರಿದೆ. ಸರಳಿಗೆ ತುಕ್ಕು, ಕೆಸರು, ಎಣ್ಣೆಯ ಜಿಡ್ಡು. ನಟ್ಟಿನ ಮೂಲೆಗಳು ಮಾತ್ರ ಬೆಳ್ಳಗೆ ಹೊಳೆಯುತ್ತಿದ್ದವು. ಯಾರೋ ಈಚೆಗೆ ಪಾನಾ ಹಾಕಿ ತಿರುಗಿಸಿದ್ದಾರೆ. ಒಂದೆರಡು ಸುತ್ತಲ್ಲ, ಕೊನೆಯವರೆಗೆ.

ಯಾರು ಎಂದು ಯೋಚಿಸಲೂ ಇಲ್ಲ. ಮಾರಬೇಕೆಂದವರು ಯಾರು, ಚಾವಿ ಕಸಿದವರು ಯಾರು? ಭಾವನೇ. ಅಷ್ಟು ಹೊತ್ತಿಗೆ ಭಟ್ಕಳದ ಬಟ್ಟೆ ವ್ಯಾಪಾರಿಯೊಬ್ಬರನ್ನು ಗೊತ್ತು ಮಾಡಿಯೂ ಆಗಿತ್ತು. ಬರುವ ಭಾನುವಾರ ಗಾಡಿ ನೋಡಲು ಬರುತ್ತಾರೆ ಎಂದಿದ್ದರು. ಸುಟ್ಟುಹೋದ ಕ್ಲಚ್ಚಿನ ಗಾಡಿಯನ್ನು ಹೇಗೆ ಮಾರುತ್ತೀರಿ ಎಂದು ಅತ್ತೆ ಕೇಳಿದ್ದಕ್ಕೆ, ಅದೆಲ್ಲ ಶನಿವಾರ ಸರಿಯಾಗುತ್ತದೆ ಎಂದು ಮೀಸೆಯಲ್ಲೇ ನಕ್ಕಿದ್ದರು. ಆ ನಗು ಈಗ ಅರ್ಥವಾಯಿತು. ಹೊರಗೆ ಹೋಗಿ ಕೂಗಿ ಹೇಳಬಹುದಿತ್ತು. ಯಾರು ನಂಬುತ್ತಾರೆ? ಇವಳೇ ತಿರುಗಿಸಿ ಇವಳೇ ಹೇಳುತ್ತಾಳೆ ಎನ್ನುತ್ತಾರೆ. ಅದಲ್ಲದೆ ನನಗೆ ನ್ಯಾಯ ಸಾಕಾಗುತ್ತಿರಲಿಲ್ಲ. ಭಾವನ ಮುಖ ಬೀಳುವುದನ್ನು ನಾನು ನೋಡಬೇಕಿತ್ತು.

ಶನಿವಾರ ಸಂಜೆ ಗಾಡಿ ಅದರಷ್ಟಕ್ಕೇ ಸರಿಯಾಯಿತು. ಭಾವ ಕೇರಿಯ ತುದಿಯವರೆಗೆ ಓಡಿಸಿ ತಂದರು, ಏರಿಲ್ಲದ ರಸ್ತೆ. ಏನೂ ತೊಂದರೆ ಇಲ್ಲ ಎಂದರು. ಭಾನುವಾರ ಬೆಳಿಗ್ಗೆ ಅವರು ಸ್ನಾನಕ್ಕೆ ಹೋಗಿದ್ದಾಗ ನಾನು ಮತ್ತೆ ಅಡಿಗೆ ತೂರಿ, ಆ ನಟ್ಟನ್ನು ಎಷ್ಟು ಸಡಿಲಿಸಬಹುದೋ ಅಷ್ಟು ಸಡಿಲಿಸಿ, ಕೈ ತೊಳೆದುಕೊಂಡು ದೋಸೆ ಹೊಯ್ಯಲು ಕೂತೆ. ದೋಸೆ ಅಂದು ಚೆನ್ನಾಗಿ ಎದ್ದಿತ್ತು.

ವ್ಯಾಪಾರಿ ಬಂದರು. ಬಿಳಿ ಟೊಪ್ಪಿ, ಸಣ್ಣ ಧ್ವನಿ, ಗಾಡಿ ಗೊತ್ತಿದ್ದ ಮನುಷ್ಯ. ಜಗಲಿಯಲ್ಲಿ ಕೂತು ಚಾ ಕುಡಿದರು. ಭಾವ ಇಸ್ತ್ರಿ ಅಂಗಿ ಹಾಕಿಕೊಂಡು ಸ್ಟೇರಿಂಗಿಗೆ ಕೂತರು. ಕೇರಿಯ ಅರ್ಧ ಜನ ಬೇಲಿಯ ಹತ್ತಿರ. ಎಂಜಿನ್ ಹೊತ್ತಿತು. ಭಾವ ಕ್ಲಚ್ಚು ತುಳಿದು ಗೇರಿಗೆ ಕೈ ಹಾಕಿದರು. ಕರ್ರ್. ಮತ್ತೆ ತುಳಿದರು. ಕರ್ರ್. ಗಾಡಿಯ ನೆಲ ಒಡೆಯುವ ಹಾಗೆ ತುಳಿದರು, ಅದು ಇನ್ನೂ ಜೋರಾಗಿ ಹಲ್ಲು ಕಡಿಯಿತು. ವ್ಯಾಪಾರಿ ಕಪ್ಪನ್ನು ಕೆಳಗಿಟ್ಟು ಕಣ್ಣು ಮುಚ್ಚಿಕೊಂಡರು. ಬೇಲಿಯ ಆಚೆ ಯಾರೋ ಕಿಸಕ್ಕೆಂದರು. ಭಾವನ ಮುಖ ಸುಟ್ಟ ಬದನೆಕಾಯಿಯಾಯಿತು. ನನ್ನ ಹೊಟ್ಟೆ ತಣ್ಣಗಾಗುತ್ತಿತ್ತು.

ಆಗ ನನ್ನ ಗಂಡ ಓಡಿ ಬಂದು ಅಣ್ಣನ ಕಿಟಕಿಗೆ ಬಗ್ಗಿದರು. ನಾನು ಎರಡು ಮಾರು ದೂರದಲ್ಲಿ ನಿಂತಿದ್ದೆ. ಮೆಲ್ಲಗೆ ಹೇಳಿದರು, ಆದರೆ ಎಂಜಿನ್ ಅಷ್ಟರಲ್ಲಿ ನಿಂತಿತ್ತು:

"ಅಣ್ಣಾ, ಆ ನಟ್ಟು ನಾನೇ ನಿನ್ನೆ ಸರಿ ಮಾಡಿದ್ದೆ. ಅವತ್ತು ಬಿಗಿ ಮಾಡಿದ್ದಷ್ಟೇ ಸಡಿಲ ಮಾಡಿದ್ದು. ಇದು ಹೆಂಗಾತು?"

ಆ ಮದುವೆಯ ದಿನ ಬೆಳಿಗ್ಗೆ ಅವರು ಎಂದೂ ಇಲ್ಲದೆ ಗಾಡಿ ತೊಳೆಯುತ್ತಿದ್ದರು. ಹೆಂಡತಿಯ ಗಾಡಿ ಎಂದು ತೊಳೆಯುತ್ತಿದ್ದಾರೆ ಎಂದು ನಾನು ಒಳಗೇ ಹಿಗ್ಗಿ ಎರಡು ಸಲ ಚಾ ಕೊಟ್ಟಿದ್ದೆ. ಆ ನಟ್ಟು ಎಲ್ಲಿದೆ, ಯಾವ ಕಡೆಗೆ ತಿರುಗಿಸಿದರೆ ಏನಾಗುತ್ತದೆ ಎಂದು ಮದುವೆಯ ಹೊಸದರಲ್ಲಿ ಅವರಿಗೆ ತೋರಿಸಿದವಳೂ ನಾನೇ. ಭಾವನಿಗೆ ಅಂಥ ನಟ್ಟೊಂದಿದೆ ಎಂದೇ ಗೊತ್ತಿರಲಿಲ್ಲ. ಹೇಳಿದ್ದು ಭಾವ, ಮಾಡಿದ್ದು ಇವರು. ಏರಿನಲ್ಲಿ ಭಾವ ಹಾಗೆ ಹೇಳುವಾಗ, ವ್ಯಾನಿನಿಂದ ಇಳಿದು ಬಂದವರ ನಡುವೆ ತಲೆ ತಗ್ಗಿಸಿಕೊಂಡು ನಿಂತಿದ್ದರು. ನನ್ನ ಸಂಕಟಕ್ಕೆ ತಗ್ಗಿಸಿದ್ದು ಎಂದು ತಿಳಿದಿದ್ದೆ. ಭಾವನ ಮೇಲೆ ಕಾದಿಟ್ಟ ಸಿಟ್ಟೆಲ್ಲ ಆ ಒಂದು ಗಳಿಗೆಯಲ್ಲಿ ಪಕ್ಕಕ್ಕೆ ಹೊರಳಿತು.

ನಾನು ಹೋಗಿ ಗಾಡಿಯ ಬಾಗಿಲು ತೆರೆದು ಇಳಿಯಿರಿ ಎಂದೆ. ಭಾವ ಇಳಿದರು. ನನ್ನ ಮುಖ ಹೇಗಿತ್ತೋ ಏನೋ, ಎರಡು ಹೆಜ್ಜೆ ಹಿಂದೆಯೂ ಸರಿದರು. ಸೀಟಿನಲ್ಲಿ ಕೂತು, ಚಾವಿ ಕಿತ್ತು ಸೊಂಟಕ್ಕೆ ಸಿಕ್ಕಿಸಿಕೊಂಡು, ಸೀಟಿನಡಿಯಲ್ಲಿದ್ದ ಪಾನಾವನ್ನು ಗಂಡನ ಕಡೆಗೆ ಚಾಚಿದೆ.

"ನಿಮಗೆ ಗೊತ್ತಲ್ಲ. ಅಡಿಗೆ ಹೋಗಿ, ನೀವೇ ಸರಿ ಮಾಡಿ."

ಬಿಳಿ ಪ್ಯಾಂಟು ಹಾಕಿದ್ದರು. ಸುತ್ತ ನೋಡಿದರು, ಅಣ್ಣನನ್ನು ನೋಡಿದರು, ಆಮೇಲೆ ಮಣ್ಣಿನಲ್ಲಿ ಮಲಗಿ ಅಡಿಗೆ ತೂರಿದರು. ನಾನು ಪೆಡಲನ್ನು ಕಾಲ್ಬೆರಳಿನಿಂದ ಒತ್ತಿ ನೋಡುತ್ತ ಹೇಳತೊಡಗಿದೆ. ಬಿಗಿ ಮಾಡಿ. ಇನ್ನೂ ಬಿಗಿ. ಐದು ನಿಮಿಷಕ್ಕೆ ಪ್ಲೇ ಸರಿಯಾಗಿ ಹೆಬ್ಬೆರಳಿನಷ್ಟು ಬಂತು. ಆದರೂ ಬಿಗಿ ಜಾಸ್ತಿಯಾಯ್ತು, ಅರ್ಧ ಸುತ್ತು ಸಡಿಲ ಮಾಡಿ ಎಂದೆ. ಈಗ ಅರ್ಧ ಸುತ್ತು ಬಿಗಿ. ಕಾಲು ಸುತ್ತು ಸಡಿಲ, ಮತ್ತೆ ಕಾಲು ಸುತ್ತು ಬಿಗಿ. ವ್ಯಾಪಾರಿ ಇನ್ನೊಂದು ಚಾ ತರಿಸಿಕೊಂಡರು. ಅವರಿಗೆ ನನ್ನ ಆಟ ತಿಳಿದಿತ್ತು.

ಆಮೇಲೆ ಕೇಳಿದೆ, ಮದುವೆಯ ದಿನ ಬೆಳಿಗ್ಗೆ ಈ ನಟ್ಟು ತಿರುಗಿಸಿದ್ದು ಯಾರು ಎಂದು. ಅಡಿಯಿಂದಲೇ, ಮನೆಯೊಳಗೆ ಹೋಗಿ ಮಾತಾಡುವಾ ಎಂದು ಗೊಣಗಿದರು. ಆಫೀಸಿನಲ್ಲಿ ನಗಾಡುತ್ತಾರೆ, ಹೆಂಡತಿ ಓಡಿಸುವುದು, ಗಂಡ ಪಕ್ಕದಲ್ಲಿ ಕೂರುವುದು ಎಂದು ಏನೇನೋ ಹೇಳಿದರು.

"ಹೊರಗೆ ಬಂದ್ರೆ ನಾನೇ ಕೂಗಿ ಹೇಳ್ತೆ. ಅಲ್ಲೇ ಹೇಳಿದ್ರೆ ಮುಖ ಆದ್ರೂ ಕಾಣೂದಿಲ್ಲ. ಬೇಲಿ ಹತ್ರ ನಿಂತವರಿಗೂ ಕೇಳ್ಬೇಕು."

ಅವರ ಎರಡು ಪಾದ ಮಾತ್ರ ಹೊರಗೆ ಕಾಣುತ್ತಿದ್ದವು, ಹೆಬ್ಬೆರಳುಗಳು ಮಡಚಿಕೊಂಡಿದ್ದವು. ಕೊನೆಗೆ ಗಾಡಿಯ ಹೊಟ್ಟೆಯಡಿಯಿಂದ ಧ್ವನಿ ಬಂತು.

"ನಾನೇ ತಿರುಗ್ಸಿದ್ದು. ಅಣ್ಣ ಹೇಳ್ದ, ನಾ ಮಾಡ್ದೆ. ಅವಳ ಕಾಲಿಂದ ಎಂತದೂ ಹಾಳಾಗ್ಲಿಲ್ಲ."

ಬೇಲಿಯ ಹತ್ತಿರ ಪಿಸುಪಿಸು ಎದ್ದಿತು. ಬಸ್ಸಿಗೇ ಹೋಗುತ್ತೇವೆ ಎಂದಿದ್ದ ಮನೆಯವರೂ ಅಲ್ಲಿದ್ದರು, ನಾನು ನೋಡಿದೆ. ವ್ಯಾಪಾರಿ ಎದ್ದು ಟೊಪ್ಪಿ ಸರಿ ಮಾಡಿಕೊಂಡು, ಇದು ಮಾರುವ ಗಾಡಿಯಲ್ಲ ಎಂದು ಭಾವನಿಗೆ ಹೇಳಿ ನಡೆದರು. ಭಾವ ಬಾವಿಯ ಕಡೆಗೆ ಹೋದರು, ನೀರು ಸೇದಲಲ್ಲ, ಮುಖ ತಪ್ಪಿಸಿಕೊಳ್ಳಲು.

ಆತು, ಬನ್ನಿ ಎಂದೆ. ಗಂಡ ಹೊರಗೆ ತೆವಳಿ ಬಂದರು. ಬಿಳಿ ಪ್ಯಾಂಟಿಗೆ ಎಣ್ಣೆ, ಕೂದಲಿಗೆ ಮಣ್ಣು, ಕಣ್ಣಲ್ಲಿ ನೀರು. ಪಾನಾವನ್ನು ತೆಗೆದುಕೊಂಡೆ. ಎಂಜಿನ್ ಹೊತ್ತಿಸಿ ಕ್ಲಚ್ಚು ತುಳಿದೆ. ಗೇರು ಬೆಣ್ಣೆಗೆ ಚೂರಿ ಇಳಿದ ಹಾಗೆ ಬಿತ್ತು. ಅವರು ಗಾಡಿಯನ್ನು ಸುತ್ತಿ ಬಂದು, ನನ್ನ ಪಕ್ಕದ ಸೀಟಿನ ಬಾಗಿಲಿನ ಹಿಡಿಗೆ ಕೈ ಹಾಕಿ, ಗಾಜಿನ ಆಚೆಯಿಂದ ನನ್ನ ಮುಖ ನೋಡಿದರು.

ನಾನು ಕ್ಲಚ್ಚು ಬಿಟ್ಟೆ. ಗಾಡಿ ಅವರನ್ನು ಅಂಗಳದಲ್ಲೇ ಬಿಟ್ಟು ಹೊರಟಿತು.