ಕುಂಕುಮ ಇಟ್ಟ ರೌಟರು

ತೊಂಬತ್ತರ ದಶಕದ ಕೊನೆಗೆ ನಾನು ಬಂಗಾರಪೇಟೆಯ ಒಂದು ಲಾರಿ ಆಫೀಸಿನಲ್ಲಿ ಕಸ ಗುಡಿಸುತ್ತಿದ್ದೆ. ಅಲ್ಲಿಗೆ ಕಂಪ್ಯೂಟರು ಬಂತು, ಹಿಂದೆಯೇ ರೌಟರ್ ಅಂತ ಒಂದು ಕರಿ ಪೆಟ್ಟಿಗೆ. ಬೆಂಗಳೂರಿನ ಹೆಡ್ಡಾಫೀಸಿಗೂ ನಮಗೂ ಮಾತು ಕೂಡಿಸುವುದು ಅದರ ಕೆಲಸ. ಕೂರಿಸಿದ ಇಂಜಿನಿಯರು ಹೇಳಿಹೋಗಿದ್ದ: ಸ್ವಿಚ್ಚು ಹಾಕಿದರೆ ಎಡಗಡೆಯ ದೀಪ ಹತ್ತಬೇಕು, ಪಕ್ಕದ್ದು ಮಿಟುಕಿ ಮಿಟುಕಿ ಹಸಿರಾಗಿ ನಿಲ್ಲಬೇಕು, ಆಮೇಲೆ ಕೆಲಸ. ದೀಪದ ಕೆಳಗಿನ ಇಂಗ್ಲಿಷು ನನಗೆ ಬಾರದು. ಆದರೆ ದಿನಾ ಸ್ವಿಚ್ಚು ಹಾಕುವವಳು ನಾನೇ. ಮುಂದಿನ ಕೋಣೆ ಗುಡಿಸುವಷ್ಟರಲ್ಲಿ ಎರಡನೆಯ ದೀಪ ಹಸಿರಾಗಿ ನಿಲ್ಲುತ್ತಿತ್ತು.

ಆಯುಧಪೂಜೆ ಕಳೆದು ಆಫೀಸು ತೆರೆದ ದಿನ ನಾನು ಬರುವ ಬೇತಮಂಗಲದ ಬಸ್ಸು ತಡವಾಯಿತು. ನಾನು ಹೋಗುವಾಗ ಮ್ಯಾನೇಜರು ತಾವೇ ಸ್ವಿಚ್ಚು ಹಾಕಿ, ಎರಡನೆಯ ದೀಪ ಕಾಣದೆ ಆರಿಸಿ, ಮತ್ತೆ ಹಾಕಿ, ಮತ್ತೆ ಆರಿಸಿ ಬೆವರುತ್ತಿದ್ದರು. ಆ ದೀಪ ಬರದಿದ್ದರೆ ಒಳಗೆ ಸುಟ್ಟಿದೆ ಅಂತ ಇಂಜಿನಿಯರು ಫೋನಿನಲ್ಲಿ ಹೇಳಿದ್ದನಂತೆ.

“ಒದ್ದೆ ಬಟ್ಟೇಲಿ ಒರೆಸಿದೀಯ ನೀನು. ನಾಳೆಯಿಂದ ಬರಬೇಡಮ್ಮ.”

ಒದ್ದೆ ಬಟ್ಟೆ ನಾನು ಅದರ ಹತ್ತಿರಕ್ಕೂ ಒಯ್ದವಳಲ್ಲ. ಬಗ್ಗಿ ನೋಡಿದೆ. ಹಬ್ಬದ ದಿನ ಮ್ಯಾನೇಜರು ಭಕ್ತಿಯಿಂದ ಇಟ್ಟ ಗಂಧ, ಅದರ ಮೇಲೆ ಕುಂಕುಮ, ಕಾಸಗಲ, ಸರಿಯಾಗಿ ಎರಡನೆಯ ದೀಪದ ಮೇಲೆ ಒಣಗಿ ಕೂತಿತ್ತು.

“ಕಣ್ಣಿಗೇ ಕುಂಕುಮ ಮೆತ್ತಿ ಕಣ್ಬಿಡು ಅಂದ್ರೆ ಅದು ಎಂಗ್ ಬಿಡ್ತದೆ ಸಾಮಿ?”

ಮ್ಯಾನೇಜರು ನೋಡಿದರು. ಮುಖ ಕೆಂಪಾಯಿತು.

“ಒರೆಸು ಮತ್ತೆ!”

“ನಾನ್ಯಾಕೊರ್ಸಲಿ? ನಾನೊರ್ಸಿದ್ದಕ್ಕೇ ಸುಟ್ಟೋಯ್ತು ಅಂತೀರ. ನೀವಿಕ್ಕಿದ ಬೊಟ್ಟು, ನೀವೇ ಒರ್ಸಿ.”

ಪಕ್ಕದ ಮೇಜಿನ ಗುಮಾಸ್ತ ಗೋಡೆ ಕಡೆ ತಿರುಗಿ ನಕ್ಕ. ಮ್ಯಾನೇಜರು ದೇವರ ಪಟ ನೋಡಿ ಕೆನ್ನೆ ತಟ್ಟಿಕೊಂಡು, ಕರ್ಚೀಫಿನಿಂದ ಉಜ್ಜಿದರು. ಸ್ವಿಚ್ಚು ಹಾಕಿದರೆ ಹಸಿರು ದೀಪ ಮಿಟುಕಿತು. ಮಿಟುಕಿದ್ದೇ ತಡ, ನಿಲ್ಲಲಿಲ್ಲವಲ್ಲ ಅಂತ ಅವರ ಕೈ ಮತ್ತೆ ಸ್ವಿಚ್ಚಿಗೆ ಹೋಯಿತು. ನಾನು ಪೊರಕೆ ಅಡ್ಡ ಹಿಡಿದೆ.

“ಮುಟ್ಬ್ಯಾಡಿ! ಮುಂದಿನ ಕೋಣೆ ಗುಡ್ಸೋಗಂಟ ಕೈ ಕಟ್ಕಂಡು ಕೂತ್ಕಳಿ.”

ಕೂತರು. ಬೇಕೆಂದೇ ಮೂಲೆ ಮೂಲೆ ಬಿಡದೆ ಗುಡಿಸಿದೆ. ಬಂದು ನೋಡಿದರೆ ದೀಪ ಅಲುಗದೆ ನಿಂತಿತ್ತು, ಬೆಂಗಳೂರು ಸಿಕ್ಕಿತ್ತು. ನಾಳೆ ಬರಬೇಡ ಅಂದ ಮಾತನ್ನು ಯಾರೂ ಎತ್ತಲಿಲ್ಲ. ಮ್ಯಾನೇಜರು ಇಂಜಿನಿಯರಿಗೆ ಫೋನು ಮಾಡಿದರು.

“ಏನಿಲ್ಲ, ಸ್ವಲ್ಪ ಧೂಳು ಕೂತಿತ್ತು ಅಷ್ಟೆ.”

ಕೆಲಸ ಉಳಿಯಿತಲ್ಲ ಅಂತ ಸುಮ್ಮನಿರಬಹುದಿತ್ತು. ಆದರೆ ಧೂಳು ಅಂದರೆ ನನ್ನ ಮಾನ ಹೋದಂತೆ. ಫೋನಿನ ಹತ್ತಿರ ಹೋಗಿ, ಆ ಕಡೆಯವನಿಗೆ ಕೇಳುವ ಹಾಗೆ ಕೂಗಿದೆ:

“ಧೂಳಲ್ಲ ಸಾಮಿ, ಮ್ಯಾನೇಜರಿಕ್ಕಿದ ಕುಂಕುಮ!”

ಇಂಜಿನಿಯರನ ನಗು ನಾನು ನಿಂತಲ್ಲಿಗೇ ಕೇಳಿಸಿತು.