ಒಂದಕ್ಷರದ ಪದ

ನಾನು ಚಿಕ್ಕವಳಿದ್ದಾಗ ನಮ್ಮೂರಿನ ಶಾಲೆಗೆ ಇದ್ದದ್ದು ಒಂದೇ ಕೋಣೆ. ಮೂರನೇ ಕ್ಲಾಸಿನ ನಾನು ಮುಂದೆ, ಏಳನೇ ಕ್ಲಾಸಿನ ಅಕ್ಕ ನನ್ನ ಬೆನ್ನ ಹಿಂದೆ. ನೆಲಕ್ಕೆ ಸಗಣಿ ಸಾರಿಸಿದ ತಣ್ಣನೆಯ ವಾಸನೆ.

ಶನಿವಾರ ಬೆಳಿಗ್ಗೆ ಪದ ವಿಂಗಡಿಸುವ ಪಾಠ. ಮೇಷ್ಟ್ರು ಸೀಮೆಸುಣ್ಣದಲ್ಲಿ ನೆಲದ ಮೇಲೆ ಮನೆಗಳನ್ನು ಬರೆಯುತ್ತಿದ್ದರು. ಒಂದಕ್ಷರದ ಪದಕ್ಕೊಂದು, ಎರಡಕ್ಷರದ್ದಕ್ಕೊಂದು, ಹೀಗೆ. ನಾವು ಒಂದು ಪದ ಹೇಳಿ, ಅದರ ಮನೆಯಲ್ಲಿ ಹುಣಸೆಬೀಜ ಇಡಬೇಕು. ತಪ್ಪು ಮಾಡಿದವರಿಗೆ ಏಟು. ಅದರ ಲೆಕ್ಕವೂ ಅಕ್ಷರದಲ್ಲೇ. ಪಕ್ಕದವರು ಯಾವುದಾದರೂ ಪದ ಹೇಳಬೇಕು, ಅದರಲ್ಲಿ ಎಷ್ಟು ಅಕ್ಷರವೋ ಅಷ್ಟು ಏಟು.

ಆ ದಿನ ನನ್ನ ಸರದಿ ಬಂದಾಗ ಬಾಯಿ ಕಟ್ಟಿಹೋಯಿತು. ಹಿಂದಿನಿಂದ ಅಕ್ಕ "ಮೊಸರು, ಮೂರು" ಎಂದು ಪಿಸುಗುಟ್ಟಿದಳು. ಮೇಷ್ಟ್ರಿಗೆ ಕೇಳಿಸಿತು.

"ಏನಮ್ಮ, ತಂಗಿಗೆ ನೀನೇ ಮೇಷ್ಟ್ರೋ? ಚಾಚು ಕೈ." ಆಮೇಲೆ ನನ್ನತ್ತ ತಿರುಗಿದರು. "ಪದ ನೀನು ಹೇಳೇ, ಮೂಗಿ."

ಅಕ್ಕನಿಗೆ ಸೋಮವಾರ ಪರೀಕ್ಷೆ. ಪಾಸಾದರೆ ಹೈಸ್ಕೂಲಿಗೆ ಕಳಿಸುತ್ತೇನೆಂದು ಅಪ್ಪ ಹೇಳಿದ್ದರು. ಅವಳು ಚಾಚಿದ್ದು ಬಲಗೈ.

ಸಣ್ಣ ಪದ ಹೇಳಬೇಕೆಂದು ನನಗೆ ಗೊತ್ತಿತ್ತು. ಆದರೆ ಮೇಷ್ಟ್ರ ಕೈಯಲ್ಲಿದ್ದದ್ದನ್ನು ಬಿಟ್ಟು ನನ್ನ ಕಣ್ಣು ಕದಲಲಿಲ್ಲ. ಕಂಡದ್ದೇ ಬಾಯಿಗೆ ಬಂತು.

"ಹುಣಸೆಬರಲು."

ಆರು ಅಕ್ಷರ. ಮೇಷ್ಟ್ರು ಒಂದೊಂದನ್ನೂ ಬಿಡಿಸಿ ಹೇಳುತ್ತಾ ಬೀಸಿದರು. ಹಸಿ ಬರಲು ಸುಯ್ಯೆನ್ನುತ್ತಿತ್ತು. ಮೂರನೆಯದಕ್ಕೆ ಅಂಗೈ ತುಂಬ ಬಾಸುಂಡೆ. ಐದನೆಯದಕ್ಕೆ ತೋರುಬೆರಳಿನ ಗೆಣ್ಣು ಒಡೆದು, ಸೀಮೆಸುಣ್ಣದ ಮನೆಗಳ ಮೇಲೆ ರಕ್ತ ತೊಟ್ಟಿಕ್ಕಿತು. ಆದರೂ ಆರನೆಯದು ಬಿತ್ತು. ಅಕ್ಕ ಅಳಲಿಲ್ಲ. ನನ್ನ ಲಂಗ ಒದ್ದೆಯಾಗಿತ್ತು.

ದಾರಿಯಲ್ಲಿ ಅವಳು ಕೇಳಿದ್ದು ಇಷ್ಟೇ. "ಕೈ ಅನ್ನಕ್ಕಾಗ್ಲಿಲ್ವೇನೇ? ಒಂದೇ ಏಟಿಗೆ ಮುಗೀತಿತ್ತು."

ಮನೆಯಲ್ಲಿ ಅಪ್ಪ "ಮೇಷ್ಟ್ರು ಸುಮ್ಸುಮ್ನೆ ಹೊಡೀತಾರಾ?" ಎಂದು ಅವಳ ಕೆನ್ನೆಗೂ ಬಾರಿಸಿದರು. ಸೋಮವಾರ ಬೆರಳು ಬದನೆಕಾಯಿಯಂತೆ ಊದಿ, ಪೆನ್ನು ಹಿಡಿಯಲಾಗಲಿಲ್ಲ. ಅಕ್ಕ ಮತ್ತೆ ಶಾಲೆಯ ಮೆಟ್ಟಿಲು ಹತ್ತಲಿಲ್ಲ. ಮುಂದೆ ನಾನು ಪರೀಕ್ಷೆಗೆ ಹೊರಟ ದಿನ ಜಡೆ ಹಾಕಿ ಕಳಿಸಿದವಳು ಅವಳೇ. ಆ ಬೆರಳು ಮಡಚದೆ ನೆಟ್ಟಗೆ ನಿಂತಿತ್ತು.

ಮೊನ್ನೆ ಈ ತಮಿಳು ಸೀಮೆಯ ಕ್ರೋಂಪೇಟೆಯ ನಮ್ಮ ಮನೆಯಲ್ಲಿ ಮೊಮ್ಮಕ್ಕಳು ನೀವಿಬ್ಬರೂ ಹೋಂವರ್ಕಿಗೆ ಕೂತಿದ್ದಿರಿ. ನಿಮ್ಮ ಮಿಸ್ ಚಪ್ಪಾಳೆ ತಟ್ಟಿ ಅಕ್ಷರ ಎಣಿಸಲು ಕಲಿಸಿದ್ದಾರೆ. ಸರಿಯಾದರೆ ಸ್ಟಿಕ್ಕರ್, ತಪ್ಪಾದರೆ ಇನ್ನೊಂದು ಸಲ.

"ಪಾಟಿ, ಒನ್ ಸಿಲಬಲ್ ವರ್ಡ್ ಸೊಲ್ಲುಂಗ" ಎಂದು ಈ ಅಜ್ಜಿಯನ್ನು ಒಂದಕ್ಷರದ ಪದ ಕೇಳಿದೆ ನೀನು, ಪುಟ್ಟಿ.

"ಕೈ" ಅಂದೆ ನಾನು, ತಡಮಾಡದೆ.

"ಅದು ತಮಿಳ್‌ಲೂ ಕೈ ದಾನೇ" ಎಂದು ನಿನ್ನಣ್ಣ ನಕ್ಕ.

ನೀನು ನನ್ನ ಅಂಗೈ ತಟ್ಟಲು ಬಂದೆ. ನನಗೇ ತಿಳಿಯದೆ ಕೈ ಹಿಂದಕ್ಕೆಳೆದುಕೊಂಡೆ. ಆಟವೆಂದುಕೊಂಡು ಇಬ್ಬರೂ ನಕ್ಕಿರಿ. ಆಮೇಲೆ ನಾನೇ ಮತ್ತೆ ಚಾಚಿದೆ. ನೀನು ಒಂದೇ ಸಲ ತಟ್ಟಿದೆ.