ಗಾಲಿಯ ಹಿಂದಿನ ಕೆಂಪು ಎಳೆಗಳು

ನನ್ನ ಗಂಡನಿಗೆ ಒಂದು ಚಾಳಿ ಇತ್ತು. ರಸ್ತೆ ದಾಟುವಾಗ ಮಗನ ಕೈ ಹಿಡಿಯುತ್ತಿರಲಿಲ್ಲ, ಹಿಂದಿನಿಂದ ಅಂಗಿ ಹಿಡಿಯುತ್ತಿದ್ದರು. ಅವರು ವಿಶಾಖಪಟ್ಟಣದಲ್ಲಿ ನೇವಿಯ ವರ್ಕ್‌ಶಾಪಿನಲ್ಲಿದ್ದಾಗ ಪೆಂದುರ್ತಿಯಲ್ಲಿ ನಮ್ಮ ಮನೆ. ಮಗನ ಅಂಗಿಗಳೆಲ್ಲ ಬೆನ್ನಿನ ಹತ್ತಿರ ಜಗ್ಗಿಸಿಕೊಂಡು, ನೂಲು ಬಿಟ್ಟು ಪಿಸಿದಿರುತ್ತಿದ್ದವು. ಹೊಲಿದು ಹೊಲಿದು ಸಾಕಾಗಿತ್ತು ನನಗೆ.

ಅವರು ಸತ್ತ ಮೇಲೆ ನಾನು ವಿಜಯವಾಡಕ್ಕೆ ಮಗನ ಮನೆಗೆ ಬಂದೆ. ಬೆಂಜ್ ಸರ್ಕಲ್ಲಿನಿಂದ ಒಳಗೆ ಅವನದು ಲಾರಿ ಬಾಡಿ ಕಟ್ಟುವ ಶೆಡ್ಡು. ಅಲ್ಲೇ ಒಬ್ಬನೇ ಕೂರುವ ರೇಸಿನ ಕಾರೊಂದನ್ನು ಕಟ್ಟಿದ್ದ. ಮದ್ರಾಸಿಗೆ ಒಯ್ದು ರೇಸಿನಲ್ಲಿ ಓಡಿಸುವವನಿದ್ದ. ಮಡ್‌ಗಾರ್ಡ್ ಇಲ್ಲ, ನಾಲ್ಕೂ ಗಾಲಿ ಮೈಯಿಂದ ಹೊರಗೆ. ಚರ್ಮ ಸುಲಿದ ಪ್ರಾಣಿಯ ಹಾಗೆ ಕಾಣುತ್ತಿತ್ತು.

ಹಿರಿಯರು ಗಾಲಿಗೆ ನಿಂಬೆಹಣ್ಣು ಇಡದೆ ನಮ್ಮಲ್ಲಿ ಹೊಸ ಗಾಡಿ ಊರು ಬಿಡುವುದಿಲ್ಲ. ಹಿರಿಯಳು ಅಂತ ಉಳಿದವಳು ನಾನೊಬ್ಬಳೇ. ಇಡುವುದಿಲ್ಲ ಎಂದೆ. ಇದ್ದವನು ಒಬ್ಬ ಮಗ.

ಅವನು ಜಗಳವಾಡಲಿಲ್ಲ. ಗಾಳಿ ಕಾರನ್ನು ಎಲ್ಲಿ ತಡೆಯುತ್ತದೆ ನೋಡಬೇಕು, ಉಣ್ಣೆಯ ಎಳೆ ಬೇಕು ಎಂದ. ಆ ಸೆಕೆಯ ಊರಿನಲ್ಲಿ ಉಣ್ಣೆ ಎಲ್ಲಿಂದ ಬರಬೇಕು. ಅವರಪ್ಪನ ಕೆಂಪು ಮಫ್ಲರ್ ಪೆಟ್ಟಿಗೆಯಲ್ಲಿತ್ತು, ಬಿಚ್ಚಿ ಕೊಟ್ಟೆ. ಸತ್ತವರ ಬಟ್ಟೆ ಇಟ್ಟುಕೊಂಡು ಮಾಡುವುದೇನು. ಮಗ ಗೇಣುದ್ದದ ಎಳೆಗಳನ್ನು ಕಾರಿನ ಮೈಗೆ ಅಂಟಿಸಿದ. ಗಾಲಿಗಳ ಹಿಂದೆ ತಂತಿ ಬಿಗಿದು ಅದಕ್ಕೂ ಕಟ್ಟಿದ.

ಗನ್ನವರಂ ಕಡೆ ಇನ್ನೂ ವಾಹನ ಬಿಡದ ಹೊಸ ರಸ್ತೆಯೊಂದಿತ್ತು. ಬೆಳಗಿನ ಮಂಜು ಹೊಲದಿಂದ ರಸ್ತೆಗೆ ಹತ್ತಿತ್ತು. ಒಂದು ಹಕ್ಕಿಯ ಸದ್ದೂ ಇಲ್ಲ. ಸೊಸೆ ಜೀಪು ಓಡಿಸಿದಳು. ಅವಳು ವಿಜಯವಾಡದ ತೆಲುಗಿನವಳು, ನಮ್ಮ ಮಾತನ್ನು ಮನೆಯಲ್ಲೇ ಕಲಿತಿದ್ದಳು. ದೂರದ ಕಣ್ಣು ನನಗೆ ಚೆನ್ನಾಗಿದ್ದುದರಿಂದ ಎಳೆ ನೋಡುವ ಕೆಲಸ ನನ್ನದು.

ಕಾರು ನಮ್ಮ ಪಕ್ಕದಲ್ಲಿ ಓಡಿತು. ಮೈಮೇಲಿನ ಎಳೆಗಳೆಲ್ಲ ಎಣ್ಣೆ ಹಚ್ಚಿ ಬಾಚಿದ ಕೂದಲಿನಂತೆ ಹಿಂದಕ್ಕೆ ಮಲಗಿದವು. ಗಾಲಿಯ ಹಿಂದಿನವು ಮಾತ್ರ ಎದ್ದವು. ಕತ್ತಲಲ್ಲಿ ಗೋಡೆ ಹುಡುಕುವ ಬೆರಳಿನಂತೆ ತಡಕಾಡಿದವು. ಆಮೇಲೆ ಮುಂದಕ್ಕೆ ತಿರುಗಿ ಗಾಲಿಯ ಕಡೆಗೆ ಚಾಚಿ ನಿಂತವು. ಅಷ್ಟು ಗಾಳಿಗೆ ಎದುರಾಗಿ.

"ಅತ್ತಯ್ಯಾ, ಅವ್ಯಾಕ ಹಂಗ ಮುಂದಕ್ಕ ಬರ್ತಾವು?" ಸೊಸೆಯ ದನಿ ಇಳಿದಿತ್ತು.

"ನೀ ರಸ್ತೆ ನೋಡು."

ಕಾರು ನಿಲ್ಲಿಸಿ ಮಗ ಬಂದ. "ಏನ್ ಕಂಡ್ತು, ಅವ್ವಾ?"

"ಗಾಲಿ ಹಿಂದಿನವು ಮುಂದಕ್ಕ ಕೈ ಚಾಚ್ಯಾವು. ಯಾರೋ ಹಿಂದಿಂದ ಹಿಡ್ಯಾಕ ಬಂದಂಗ."

"ಹಿಡೀತೈತಿ, ಖರೇನ. ಬೆತ್ತಲೆ ಗಾಲಿ ಗಾಳೀನ ಸೀಳತೈತಿ. ಸೀಳಿದ್ದು ಹಿಂದ ಲಗೂನ ಕೂಡಂಗಿಲ್ಲ, ಪೊಳ್ಳು ಬೀಳತೈತಿ. ಅದನ್ನ ತುಂಬಾಕ ಗಾಳಿ ತಿರುಗಿ ಬರತೈತಿ. ಆ ಪೊಳ್ಳ ಕಾರನ್ನ ಹಿಂದಕ್ಕ ಜಗ್ಗತೈತಿ."

"ಮುಚ್ಚಿಬಿಡು ಮತ್ತ ಗಾಲಿ."

"ಮುಚ್ಚಿದ್ರ ಆ ರೇಸಿನಾಗ ತಗೊಳ್ಳೂದಿಲ್ಲ. ರೂಲ್ ಐತಿ."

"ಎಷ್ಟ ಜಗ್ಗತೈತಿ?"

ಅವನು ಕಾರಿನ ಕಡೆ ನೋಡಿದ. "ನಾ ಸೋಲೂವಷ್ಟು."

ಮದ್ರಾಸಿಗೆ ಹೊರಡುವ ದಿನ ನಾಲ್ಕೂ ಗಾಲಿಗೆ ನಾನೇ ನಿಂಬೆಹಣ್ಣು ಇಟ್ಟೆ. ಸೊಸೆ ನನ್ನ ಮುಖ ನೋಡಿದಳು.

ಮಗ ಸೋತು ಬಂದ. ಮೂರನೆಯ ದಿನ ಊಟಕ್ಕೆ ಕೂತಾಗ ಹೇಳಿದ. ನೇರ ರಸ್ತೆಯಲ್ಲಿ ಎರಡು ಕಾರು ಇವನನ್ನು ದಾಟಿ ಹೋದವಂತೆ. ಮುಂದಿನ ತಿರುವಿನಲ್ಲಿ ಅವೆರಡೂ ಒಂದಕ್ಕೊಂದು ಬಡಿದುಕೊಂಡವಂತೆ.

"ನಾ ಒಂದೀಟು ಮುಂದಿದ್ರ ಅವರ ನಡುವ ಇರ್ತಿದ್ದೆ, ಅವ್ವಾ. ಎಷ್ಟ ಒತ್ತಿದ್ರೂ ಗಾಡಿ ಹೋಗ್ಲೇ ಇಲ್ಲ."

"ಅನ್ನ ಆರತೈತಿ, ಉಣ್ಣು," ಎಂದೆ.

ಊಟವಾದ ಮೇಲೆ ಅವನು ರೇಸಿಗೆ ತೊಟ್ಟಿದ್ದ ಅಂಗಿಯನ್ನು ಒಗೆಯಲು ತೆಗೆದುಕೊಂಡೆ. ಹೊಸದು, ಒಮ್ಮೆ ತೊಟ್ಟಿದ್ದು. ಬೆನ್ನಿನ ಹತ್ತಿರ, ಒಂದು ಮುಷ್ಟಿಯಷ್ಟು ಜಾಗ, ಪಿಸಿದಿತ್ತು.

"ಸೀಟಿಗೆ ಉಜ್ಜಿರತೈತಿ, ಅತ್ತಯ್ಯಾ," ಎಂದಳು ಸೊಸೆ.

ಇರಬಹುದು. ಸೂಜಿ ದಾರ ಕೊಡು ಎಂದೆ.